ಗೋಡೆ ಮೇಲಿನ ಸಕ್ಕರೆ

ಹನ್ನೊಂದು ಮನೆಗೆ ಒಂದೇ ಮೆಷಿನ್ನು.
ಹಾರ್ಲಿಕ್ಸ್ ಡಬ್ಬಿಯೊಳಗೆ, ಒಣಮೆಣಸಿನಕಾಯಿ ಪಕ್ಕ,
ದೊಡ್ಡತಾಯಿಯ ಗೂಡಿನಲ್ಲಿ ಅದರ ವಾಸ.
ಸೂಜಿ ಮಾತ್ರ ಅವರವರದು.
ಪಟ್ಟಿಯ ದುಡ್ಡು ಛತ್ರದ ಹಿಂದೆ ಬಿದ್ದ ನೀರಿನ ಬಾಟಲಿಯದು,
ಗುಜರಿಯ ಅನ್ಸರ್ ಸಾಬರು
ತಕ್ಕಡಿ ಒಂಚೂರು ನಮ್ಮ ಕಡೆಗೇ ಬಾಗಿಸಿ ತೂಗಿದ್ದು.

ಗುರುವಾರ, ನಾಲ್ಕೂವರೆಯ ಕತ್ತಲು.
ಪೊರಕೆ ಹಿಡಿದು ಪೆನ್ಷನ್ ಮೊಹಲ್ಲಕ್ಕೊಬ್ಬಳು,
ಸಂತೇಪೇಟೆಗೆ ಇಬ್ಬರು,
ಬಿ.ಎಂ. ರಸ್ತೆಯ ಉದ್ದಕ್ಕೆ ಉಳಿದವರು
ಚದುರುವ ಮುಂಚೆ
ಬೀದಿದೀಪದ ಕೆಳಗೆ ಬೆರಳು ಚಾಚಿ ನಿಲ್ಲುವರು.
ಖಾಲಿ ಹೊಟ್ಟೆ. ಎಲೆಅಡಿಕೆಯೂ ಕೂಡದು.
ಬಾಯಿ ತೆಗೆಸಿ ನೋಡುವಳು ದೊಡ್ಡತಾಯಿ.

ನನ್ನ ಅಕ್ಷರ ದುಂಡಗಿತ್ತು, ಅದಕ್ಕೇ ಸೀಮೆಸುಣ್ಣ ನನ್ನ ಕೈಗೆ.
ಪಂಪ್‌ಹೌಸಿನ ಗೋಡೆ ಮೇಲೆ ಹೆಸರು,
ಹೆಸರಿನ ಮುಂದೆ ಅಂಕಿ.
'ಇನ್ನೂರಾ ಹತ್ತಾ? ಯಾರ ಮನೆ ತಿಥಿ ಉಂಡ್ಯೇ?'
'ಲಾಡು ತಿಂದವ್ಳೆ, ನಾನೇ ಕಣ್ಣಾರೆ ನೋಡ್ದೆ.'
'ಮಿಕ್ಕಿದ್ದು ಕೊಟ್ರು. ಬಿಸಾಕಕ್ಕೆ ಮನಸ್ ಬರ್ಲಿಲ್ಲ ಕಣಕ್ಕ.'
ಬೈಗುಳ, ನಗು, ಮತ್ತೆ ಬೈಗುಳ.
ಅಂಕಿ ಏರಿದವಳನ್ನು ಒಬ್ಬಳು ಕೈಹಿಡಿದು
ದೊಡ್ಡಾಸ್ಪತ್ರೆಯ ಸಾಲಿಗೆ ನಿಲ್ಲಿಸುವಳು;
ಇಬ್ಬರ ಪಾಲಿನ ರಸ್ತೆಯನ್ನೂ
ಉಳಿದ ಒಂಬತ್ತು ಪೊರಕೆ ಹಂಚಿಕೊಳ್ಳುವವು,
ಮೇಸ್ತ್ರಿಗೆ ಗೊತ್ತಾಗದ ಹಾಗೆ.

ನಂಜೀರಮ್ಮನ ಅಂಕಿ ಚೆನ್ನಾಗೇ ಇತ್ತು. ತೊಂಬತ್ತೆಂಟು.
ಗೋಡೆಗೆ ಅವಳ ರಕ್ತ ಗೊತ್ತಿತ್ತು,
ಬರಿಗಾಲು ಗೊತ್ತಿರಲಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿನ ಚರಂಡಿಯಲ್ಲಿ ಒಂದು ಗಾಜಿನ ಚೂರು,
ಹತ್ತು ದಿನದ ಜ್ವರ.
ಆ ಗುರುವಾರ ಯಾರೂ ಬೆರಳು ಚಾಚಲಿಲ್ಲ.
ಸೋಮವಾರ ಹತ್ತೂ ಜನ ನಗರಸಭೆಯ ಮೆಟ್ಟಿಲ ಮೇಲೆ ಕೂತರು;
ಊರು ಆರು ದಿನ ತನ್ನ ವಾಸನೆ ತಾನೇ ಕುಡಿಯಿತು.
ಬೂಟು ಬಂತು.
ಎಲ್ಲಾ ಗಂಡಸರ ಅಳತೆ. ಒಳಗೆ ಹಳೇ ಸೀರೆಯ ಚೂರು ತುರುಕಿ
ಟಪ ಟಪ ನಡೆದವು ಹತ್ತು ಜೊತೆ.

ನಾನೀಗ ಲ್ಯಾಬಿನಲ್ಲಿದ್ದೇನೆ. ದಿನಕ್ಕೆ ಇನ್ನೂರು ಕೊಳವೆ.
ಅಂಕಿಗಳು ಒಂಟಿಯಾಗಿ ಬರುತ್ತವೆ, ಒಂಟಿಯಾಗಿ ಹೋಗುತ್ತವೆ,
ಯಾರೂ ಯಾರನ್ನೂ ಬೈಯುವುದಿಲ್ಲ.
ಮೊನ್ನೆ ಡಾಕ್ಟರು ಕೇಳಿದರು:
'ನಿಮ್ಮ ಕಾಲೋನಿ ಹೆಂಗಸರದು ಇಷ್ಟು ಹತೋಟಿಯಲ್ಲಿದೆಯಲ್ಲ,
ಗಟ್ಟಿ ಜೀವಗಳಪ್ಪ!'
ಮೆಚ್ಚುಗೆಯನ್ನು ಪೊಟ್ಟಣದಂತೆ ಹಿಡಿದು ಕಾಲೋನಿಗೆ ಹೋದೆ.

ದೊಡ್ಡತಾಯಿ ಅಕ್ಕಿ ಆರಿಸುತ್ತಿದ್ದಳು. ಮೊರ ನಿಂತಿತು.
'ಗಟ್ಟಿ ಅನ್ಬ್ಯಾಡ.
ಗಟ್ಟಿ ಅಂತಂದೇ ಗ್ಲೌಸು ಕೊಡ್ಲಿಲ್ಲ,
ಗಟ್ಟಿ ಅಂತಂದೇ ನಂಜೀರಿನ ಗುಂಡಿಗಿಳಿಸಿದ್ರು.
ಕಲ್ಲು ಗಟ್ಟಿ, ನಾವಲ್ಲ.
ನಾವು ಒಬ್ರಿಗೊಬ್ರು ಆತ್ಕೊಂಡು ನಿಂತಿದೀವಿ, ಅಷ್ಟೆ.
ಒಬ್ಳನ್ನ ಎಳುದ್ರೆ ಗೊತ್ತಾಯ್ತದೆ ಎಷ್ಟು ಗಟ್ಟಿ ಅಂತ.'

ಪಂಪ್‌ಹೌಸಿನ ಗೋಡೆಗೆ ಈಗ ನೀಲಿ ಬಣ್ಣ,
ಸ್ವಚ್ಛ ನಗರದ ಘೋಷಣೆ, ಒಂದು ನಗುವ ಸೂರ್ಯ.
ಸೂರ್ಯನ ಕೆನ್ನೆ ಮೇಲೇ ಬರೆದಿದ್ದಾರೆ ಅಂಕಿ,
ಯಾರದೋ ಮೊಮ್ಮಗಳ ಓರೆ ಅಕ್ಷರ.
ನಂಜೀರಮ್ಮನ ಹೆಸರೂ ಇದೆ, ಮುಂದೆ ಖಾಲಿ.

'ನಿಂದೆಷ್ಟು?' ಅಂದಳು ದೊಡ್ಡತಾಯಿ.
ನನ್ನದಾ?
ಹನ್ನೆರಡು ವರ್ಷದಿಂದ ಊರಿನ ರಕ್ತ ನೋಡುವ ನನ್ನನ್ನು
ಇದುವರೆಗೆ ಯಾರೂ ಕೇಳಿರಲಿಲ್ಲ.
ಬೆರಳು ಹಿಡಿದಳು. ಚುಚ್ಚಿದಳು.
ಮೆಷಿನ್ನು ಐದು ಎಣಿಸಿತು.

ಸೂರ್ಯನ ಗಲ್ಲದ ಹತ್ತಿರ ಜಾಗ ಮಾಡಿ
ಆ ಹುಡುಗಿ ನನ್ನ ಹೆಸರು ಬರೆಯುತ್ತಿದ್ದಂತೆ
ಬಾಗಿಲು ಬಾಗಿಲಿಂದ ಶುರುವಾಯಿತು:
'ನೂರಾ ಎಂಬತ್ತಾರಾ! ಥೂ ನಿನ್ನ,
ಏನ್ಲಾ ತಿಂತೀಯ ಆ ಕ್ಯಾಂಟೀನಲ್ಲಿ?'